ಪೀಪಾಯಿಗೆ ಪಾದದ ಅಳತೆ

ಸೌತ್‌ಫೀಲ್ಡ್, ಸೇಂಟ್ ಎಲಿಜಬೆತ್
ಜಮೈಕಾ
9 ನವೆಂಬರ್ 2008, ಭಾನುವಾರ

ಅಮ್ಮಾ,

ನಿನ್ನ ಮಂಡಿನೋವು ಹಿಡಿತದಲ್ಲಿದೆ, ಟೊರೊಂಟೊದ ಚಳಿಗೆ ಮುಂಚೆಯೇ ದಪ್ಪ ಕೋಟನ್ನು ಹೊರಗೆ ತೆಗೆದಿದ್ದೀಯ ಎಂದುಕೊಂಡು ಬರೆಯಲು ಕೂತಿದ್ದೇನೆ. ಇಲ್ಲಿ ನಾನೂ ನಿನ್ನ ಮೊಮ್ಮಗಳು ತಬಿಯೂ ಚೆನ್ನಾಗಿದ್ದೇವೆ. ಫೋನ್ ಮಾಡಬಹುದಿತ್ತಲ್ಲ, ಕಾಗದ ಯಾಕೆ ಎಂದು ಕೇಳುತ್ತೀಯ. ಫೋನಿನಲ್ಲಿ ನೀನು "ಹೂಂ, ಮತ್ತೇನು ವಿಶೇಷ" ಅಂದ ತಕ್ಷಣ ನನ್ನ ಬಾಯಿಗೆ ಬೀಗ ಬೀಳುತ್ತದೆ. ಮಳೆ ಬಂತಾ, ಕೋಳಿ ಮರಿ ಮಾಡಿತಾ, ಪಾದ್ರಿಗಳು ಹೊಸ ಕಾರು ತಗೊಂಡರಾ, ಇಷ್ಟರಲ್ಲೇ ಫೋನ್ ಕಾರ್ಡು ಮುಗಿದುಹೋಗುತ್ತದೆ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ.

ನಿನ್ನ ಕಾಗದ ಬಂದು ಎರಡು ವಾರವಾಯಿತು. ಅದರಲ್ಲಿ ನೀನು ಕೇಳಿದ್ದು ಎರಡು. ಒಂದು, ನಿನ್ನ ಚರ್ಚಿನ ಗೆಳತಿ ಹುಡುಕಿಕೊಟ್ಟಿರುವ ಕೆಲಸದ ಅರ್ಜಿಗೆ ನಾನು ಸಹಿ ಹಾಕಿ ಈ ವಾರದೊಳಗೆ ಕಳಿಸಬೇಕು. ಅಲ್ಲಿಗೆ ಬಂದು ಒಬ್ಬ ಮುದುಕಿಯನ್ನು ನೋಡಿಕೊಂಡು ಅವರ ಮನೆಯಲ್ಲೇ ಇರಬೇಕು. ತಬಿಯನ್ನು ಡಲ್ಸಿ ಚಿಕ್ಕಮ್ಮನ ಹತ್ತಿರ ಬಿಟ್ಟು ಬರಬೇಕು. "ಎರಡೇ ವರ್ಷ ಪರ್ಲಿ, ಕಣ್ಣು ಮುಚ್ಚಿ ಬಿಡೋದರಲ್ಲಿ ಹೋಗ್ತದೆ" ಎಂದು ಬರೆದಿದ್ದೀಯ. ಇನ್ನೊಂದು, ಹಡಗಿನಲ್ಲಿ ನಮಗೆ ಕಳಿಸುವ ಕ್ರಿಸ್‌ಮಸ್ಸಿನ ಪೀಪಾಯಿಗೆ ಸಾಮಾನು ತುಂಬಲು ಶುರು ಮಾಡಿದ್ದೀಯಂತೆ, ಮೊಮ್ಮಗಳಿಗೆ ಷೂ ಕೊಳ್ಳಬೇಕಂತೆ, ಅವಳ ಪಾದದ ಅಳತೆ ಬೇಕಂತೆ.

ಅರ್ಜಿ ಮೇಜಿನ ಮೇಲಿದೆ. ಇನ್ನೂ ಸಹಿ ಹಾಕಿಲ್ಲ. ಅದಕ್ಕೆ ಮೊದಲು ಪಾದದ ವಿಷಯ ಒಂದು ಹೇಳುವುದಿದೆ. ಇಪ್ಪತ್ತನಾಲ್ಕು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡ ವಿಷಯ. ನಿಂತು ಓದಬೇಡ, ಕೂತುಕೊಂಡು ಓದು.

ನೀನು ಹೋದಾಗ ನನಗೆ ಮೂರು ವರ್ಷ. ನನಗೆ ನೆನಪಿರುವುದು ಒಂದು ಹಳದಿ ಉಡುಪಿನ ಬೆನ್ನು, ಆಮೇಲೆ ರಸ್ತೆಯ ಕೆಂಪು ಧೂಳು, ಅಷ್ಟೇ. ಮಿಕ್ಕಿದ್ದೆಲ್ಲ ಅಜ್ಜಿ ಹೇಳಿದ್ದು. ಕೋಳಿಗಳಿಗೆಲ್ಲ ಹೆಸರಿಟ್ಟು ದಿನವಿಡೀ ಕೂಗುತ್ತಿದ್ದ ನಾನು, ನೀನು ಹೋದ ಮೇಲೆ ಮುಂದಿನ ಮಾವಿನಹಣ್ಣಿನ ಕಾಲದವರೆಗೂ ಒಂದು ಮಾತೂ ಆಡಲಿಲ್ಲವಂತೆ. ಮರಗೆಣಸಿನ ರೊಟ್ಟಿಯ ಚೂರುಗಳನ್ನು ದಿಂಬಿನ ಕೆಳಗೆ ಬಚ್ಚಿಡುತ್ತಿದ್ದೆನಂತೆ. ಇರುವೆ ಮುತ್ತಿ ನನ್ನ ಕೆನ್ನೆಯೆಲ್ಲ ಕಚ್ಚಿದರೂ ಬಿಡಲಿಲ್ಲವಂತೆ. ಅಜ್ಜಿ ಹಿತ್ತಲಿನ ಕಕ್ಕಸಿಗೆ ಹೋದರೆ ನಾನು ಬಾಗಿಲ ಹೊರಗೆ ನೆಲಕ್ಕೆ ಕೂತು, ಕೆಳಗಿನ ಸಂದಿಯಿಂದ ಅವಳ ಲಂಗದ ಅಂಚು ಹಿಡಿದುಕೊಂಡಿರುತ್ತಿದ್ದೆನಂತೆ. "ರಾಣಿಗೂ ಇಲ್ಲದ ಕಾವಲು ನನಗಿತ್ತು ನೋಡು" ಎಂದು ಅಜ್ಜಿ ನಗುತ್ತಿದ್ದಳು. ಈ ಮಾತು ಹೇಳುವಾಗೆಲ್ಲ ಅವಳು ನಗುತ್ತಿದ್ದಳು, ನಾನೂ ನಗುತ್ತಿದ್ದೆ.

ಆಮೇಲೆ ನಿನ್ನ ಪೀಪಾಯಿಗಳು ಬರತೊಡಗಿದವು. ನಿನಗೆ ಇಲ್ಲಿ ಏನಾಗುತ್ತಿತ್ತು ಎಂದು ಗೊತ್ತಿಲ್ಲ, ನೀನು ಆ ಕಡೆ ತುಂಬಿದ್ದಷ್ಟೇ ಕಂಡವಳು. ಮುಚ್ಚಳ ತೆಗೆದ ಕೂಡಲೇ ಒಂದು ವಾಸನೆ ಬರುತ್ತಿತ್ತು. ಸಾಬೂನು, ನುಸಿಗುಳಿಗೆ, ಹೊಸ ಬಟ್ಟೆ ಎಲ್ಲ ಸೇರಿದ ವಾಸನೆ. ಅದೇ ಅಮ್ಮನ ಮೈವಾಸನೆ ಎಂದುಕೊಂಡಿದ್ದೆ. ಅಕ್ಕಿ, ಎಣ್ಣೆ, ಗೊಂಬೆ ಎಲ್ಲ ಖಾಲಿಯಾದ ಮೇಲೆ ನಾನು ಪೀಪಾಯಿಯೊಳಗೆ ಇಳಿದು ಮುಚ್ಚಳ ಎಳೆದುಕೊಂಡು ಕೂರುತ್ತಿದ್ದೆ. ಅಜ್ಜಿ ಬಂದು ಹೊರಗಿನಿಂದ ತಟ್ಟಿ, "ಮನೇಲಿ ಯಾರಾದ್ರೂ ಇದ್ದೀರಾ? ಗಂಜಿ ಆರ್ತಾ ಇದೆ" ಅನ್ನುತ್ತಿದ್ದಳು. ನಮ್ಮ ಕಡೆ ನೀರಿಗೆ ಎಷ್ಟು ಕಷ್ಟ ಎಂದು ನಿನಗೆ ಗೊತ್ತೇ ಇದೆ. ಮಳೆ ಬರುವ ಲಕ್ಷಣ ಕಂಡರೆ ಅವಳು ಆ ಪೀಪಾಯಿಯನ್ನು ಸೂರಿನ ನೀರಿಗೆ ಇಡಲೇಬೇಕಾಗಿತ್ತು. ಅಲ್ಲಿಗೆ ವಾಸನೆ ಹೋಗುತ್ತಿತ್ತು. ಆ ನೀರನ್ನು ನಾನು ವಾರಗಟ್ಟಲೆ ಕುಡಿಯುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಸೆಪ್ಟೆಂಬರಿನಲ್ಲಿ ಅಳತೆ ತೆಗೆಯುವ ದಿನ. ಅಜ್ಜಿ ಅಂಗಡಿಯ ಕಂದು ಕಾಗದವನ್ನು ಜಗಲಿಯ ಮೇಲೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ನನ್ನನ್ನು ಅದರ ಮೇಲೆ ನಿಲ್ಲಿಸಿ, ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆಯುತ್ತಿದ್ದಳು. "ಉಸಿರು ಬಿಗಿ ಹಿಡ್ಕೋ, ಇಲ್ಲಾಂದ್ರೆ ಪಾದ ಊದಿ ದೋಣಿಯಷ್ಟು ಷೂ ಬರ್ತದೆ" ಎಂದು ಹೆದರಿಸುತ್ತಿದ್ದಳು. ಆಮೇಲೆ ಕತ್ತರಿಸಿ, ಮಡಚಿ, ಲಕೋಟೆಗೆ ಹಾಕುತ್ತಿದ್ದಳು. ಆ ಕಾಗದದ ಪಾದವನ್ನು ನೀನು ಅಂಗೈಯಲ್ಲಿಟ್ಟುಕೊಂಡು ನೋಡುತ್ತೀಯ ಎಂದು ಅವಳೇ ನನಗೆ ಹೇಳಿದ್ದು. ಅದಕ್ಕೇ ಅವತ್ತು ನಾನು ಕಾಲು ತಿಕ್ಕಿ ತಿಕ್ಕಿ ತೊಳೆದುಕೊಂಡು ಬರುತ್ತಿದ್ದೆ.

ನನಗೆ ಆರು ತುಂಬಿದ ವರ್ಷ ಡಲ್ಸಿ ಚಿಕ್ಕಮ್ಮ ಬಂದು ಅಜ್ಜಿಯ ಜೊತೆ ತೊಗರಿಕಾಯಿ ಸುಲಿಯುತ್ತ ಕೂತಿದ್ದಳು. ನಾನು ಮೇಜಿನ ಕೆಳಗೆ ಉದುರಿದ ಕಾಳು ಆರಿಸುತ್ತಿದ್ದೆ. ಎರಡು ವರ್ಷ ಅಂದವಳು ಮೂರಾದರೂ ಬರಲಿಲ್ಲವಲ್ಲ ಎಂದು ಅಜ್ಜಿ ಕೊರಗುತ್ತಿದ್ದಳು. ಆಗ ಚಿಕ್ಕಮ್ಮ ಅಂದಳು: "ಎನಿಡ್ ಅಕ್ಕ ಈಗ್ಲೇ ಯಾಕೆ ಬರ್ತಾಳೆ ಬಿಡು. ಪರ್ಲಿ ದೊಡ್ಡೋಳಾದ್ಲು, ಅಮ್ಮ ಅಮ್ಮ ಅಂತ ಅಳೋ ವಯಸ್ಸು ದಾಟ್ತು. ಎಳೇ ಮಗು ಆಗಿದ್ರೆ ಓಡಿ ಬರ್ತಿದ್ಲು." ಅಜ್ಜಿಯ ಸಮಾಧಾನಕ್ಕೆ ಹೇಳಿದ ಮಾತು, ಪಾಪ. ನಿನ್ನ ಹತ್ತಿರ ಆಗ ಅಲ್ಲಿರಲು ಬೇಕಾದ ಕಾಗದಪತ್ರ ಸರಿಯಿರಲಿಲ್ಲ, ಒಮ್ಮೆ ಹೊರಗೆ ಬಂದರೆ ಮತ್ತೆ ಒಳಗೆ ಬಿಡುತ್ತಿರಲಿಲ್ಲ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಮೇಜಿನ ಕೆಳಗಿದ್ದವಳಿಗೆ ತಿಳಿದದ್ದು ಒಂದೇ. ನಾನು ಬೆಳೆದರೆ ನೀನು ಬರುವುದಿಲ್ಲ.

ನಾನು ಎಷ್ಟು ಬೆಳೆದಿದ್ದೇನೆ ಎಂದು ನಿನಗೆ ಹೇಳುವುದು ಆ ಕಾಗದ ತಾನೇ. ಆ ಸೆಪ್ಟೆಂಬರಿನಲ್ಲಿ ಅಜ್ಜಿ ಗೆರೆ ಎಳೆಯುವಾಗ ನಾನು ಬೆರಳುಗಳನ್ನು ಒಳಕ್ಕೆ ಮಡಚಿಕೊಂಡೆ. "ಕಾಲು ನೆಟ್ಟಗೆ ಊರು" ಎಂದಳು. ನಾನು ಕಚಗುಳಿಯಾಗುತ್ತದೆ ಎಂದು ಕುಣಿದೆ. ಮುಂದಿನ ವರ್ಷ ಮತ್ತೆ. ಅದರ ಮುಂದಿನ ವರ್ಷ ಮತ್ತೆ. ಐದು ವರ್ಷ ಹಾಗೆ ಮಾಡಿದೆ ಅಮ್ಮ.

ಷೂಗಳು ಚಿಕ್ಕದಾಗಿ ಬಂದವು. ಚಿಕ್ಕದು ಅಂದರೆ ಗುಟ್ಟು ರಟ್ಟಾಗುತ್ತದಲ್ಲ, ಹಾಗಾಗಿ ಭಾನುವಾರ ಚರ್ಚಿಗೆ ಅದನ್ನೇ ಹಾಕಿಕೊಂಡು ಹೋಗುತ್ತಿದ್ದೆ. ವಾಪಸು ಬರುವಾಗ ರಸ್ತೆ ತಿರುವಿನಲ್ಲಿ ಬಿಚ್ಚಿ ಕೈಯಲ್ಲಿ ಹಿಡಿಯುತ್ತಿದ್ದೆ. ಆಗ ನೀನು ಒಂದು ಕಾಗದ ಬರೆದಿದ್ದೆ, ನೆನಪಿದೆಯಾ? ನಾನು ಕೆಲಸಕ್ಕಿರುವ ಮನೆಯ ಹುಡುಗಿ ಪರ್ಲಿಗಿಂತ ಎರಡು ತಿಂಗಳು ಚಿಕ್ಕವಳು, ಅವಳ ಪಾದ ಪರ್ಲಿಯದಕ್ಕಿಂತ ಇಷ್ಟು ದೊಡ್ಡದು, ದಿನಾ ಲೇಸು ಕಟ್ಟುವ ನನಗೆ ಗೊತ್ತಾಗುವುದಿಲ್ಲವೇ, ನನ್ನ ಮಗುವಿಗೆ ಹೊಟ್ಟೆಗೆ ಸರಿಯಾಗಿ ಹಾಕುತ್ತಿದ್ದೀಯಾ ಎಂದು ಅಜ್ಜಿಯನ್ನು ಕೇಳಿದ್ದೆ. ಅಜ್ಜಿ ಅದನ್ನು ಎರಡು ಸಲ ಓದಿಸಿಕೊಂಡಳು. ಓದಿದ್ದು ನಾನೇ. ಬೇರೆ ಹುಡುಗಿಯ ಲೇಸನ್ನು ನೀನು ದಿನಾ ಕಟ್ಟುತ್ತೀಯ ಎಂಬ ಸಾಲಿನಲ್ಲಿ ನನ್ನ ನಾಲಗೆ ತಡವರಿಸಿತು. ಅವತ್ತಿನಿಂದ ಅಜ್ಜಿ ನನ್ನ ಗಂಜಿಗೆ ಇನ್ನೊಂದು ಚಮಚ ಡಬ್ಬಿಯ ಮಂದ ಹಾಲು ಸುರಿಯತೊಡಗಿದಳು, ತನ್ನ ಚಹಾಕ್ಕೆ ಹಾಕಿಕೊಳ್ಳುವುದನ್ನು ಬಿಟ್ಟಳು.

ಎಂಬತ್ತೊಂಬತ್ತರಲ್ಲಿ ನೀನು ಬಂದೆ. ಕಾಗದಪತ್ರ ಸರಿಯಾಗಿ, ಹತ್ತು ದಿನದ ರಜೆಗೆ. ಆ ದಿನಕ್ಕಾಗಿ ನಾನು ಎಂಟು ವರ್ಷ ಕಾದಿದ್ದೆ. ನೀನು ಕಾರಿನಿಂದ ಇಳಿದಾಗ ಅಜ್ಜಿಯ ಬೆನ್ನ ಹಿಂದೆ ನಿಂತು, ಶಾಲೆಯ ಇನ್ಸ್‌ಪೆಕ್ಟರಿಗೆ ಹೇಳುವ ಹಾಗೆ, "ಮಿಸ್ ಎನಿಡ್, ನೀವು ಚೆನ್ನಾಗಿದ್ದೀರಾ" ಎಂದೆ. ನಿನ್ನ ಮುಖ ಸಣ್ಣಗಾಯಿತು. ನನಗೆ ಬೇಕಾಗಿದ್ದುದು ನಿನ್ನ ಕುತ್ತಿಗೆಗೆ ಜೋತುಬೀಳುವುದು, ಆದರೆ ಕಾಲು ಮುಂದೆ ಬರಲಿಲ್ಲ. ಯಾರೋ ಒಬ್ಬ ಚೆಂದದ ಹೆಂಗಸು ಬಂದಿದ್ದಳು. ಅವಳಿಗೆ ಪೀಪಾಯಿಯ ವಾಸನೆಯೂ ಇರಲಿಲ್ಲ.

ನೀನು ಜಗಲಿಯ ಮೇಲೆ ಮಂಡಿಯೂರಿ ಕೂತು ಹೊಳೆಯುವ ಕೆಂಪು ಷೂ ಹೊರಗೆ ತೆಗೆದೆ. ಅಳತೆಗಿಂತ ಒಂದು ನಂಬರು ದೊಡ್ಡದನ್ನೇ ತಂದಿದ್ದೇನೆ ಎಂದೆ. ನನ್ನ ಕಾಲನ್ನು ನಿನ್ನ ಕೈಯಲ್ಲಿ ತೆಗೆದುಕೊಂಡೆ. ನಿನ್ನ ಕೈ ಬೆಚ್ಚಗಿತ್ತು. ಅದು ಹಾಗೇ ಇದ್ದುಬಿಡಲಿ ಎಂದು ನಾನು ಉಸಿರು ಬಿಗಿ ಹಿಡಿದೆ. ಷೂ ಅರ್ಧಕ್ಕೇ ನಿಂತಿತು. ನೀನು ತಳ್ಳಿದೆ, ಒತ್ತಿದೆ, ಹಿಮ್ಮಡಿ ಎರಡು ಬೆರಳಿನಷ್ಟು ಹೊರಗೇ ಉಳಿಯಿತು. ಆಗ ನೀನು ಅಜ್ಜಿಯ ಕಡೆ ತಿರುಗಿ ಅಂದದ್ದು ನನಗೆ ಅಕ್ಷರಕ್ಕಕ್ಷರ ನೆನಪಿದೆ: "ಯಾರ ಮಗೂದು ಪಾದ ಬರೆದು ಕಳಿಸ್ತಿದ್ದೆ ಇಷ್ಟು ವರ್ಷ? ನನ್ನ ಮಗೂಗೆ ಅಂತ ಕಳಿಸಿದ್ದು ಯಾರ ಮನೆ ಸೇರ್ತು?"

ಅಜ್ಜಿ ಕೈಯಲ್ಲಿ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನನ್ನ ಕಾಲು ನೋಡಿದಳು, ನನ್ನ ಮುಖ ನೋಡಿದಳು. "ಕಣ್ಣು ಮಂಜಾಗಿದೆ ಎನಿಡ್. ಗೆರೆ ಎಳೆಯೋದ್ರಲ್ಲಿ ತಪ್ಪಾಗಿರಬೇಕು" ಎಂದು ಒಳಗೆ ಹೋದಳು. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನೀನು ನನ್ನ ಕಾಲು ಬಿಟ್ಟುಬಿಡುತ್ತಿದ್ದೆ ಎಂದು ಹೆದರಿದ್ದೆ.

ಆಮೇಲಿನದು ನಿನಗೆ ಗೊತ್ತು. ನೀನು ವಾಪಸು ಹೋದ ಮೇಲೆ ಪೀಪಾಯಿಗಳು ಡಲ್ಸಿ ಚಿಕ್ಕಮ್ಮನ ಮನೆಗೆ ಬರತೊಡಗಿದವು. ನಮ್ಮ ಪಾಲನ್ನು ನಾನು ಚೀಲದಲ್ಲಿ ಹೊತ್ತು ತರುತ್ತಿದ್ದೆ. ಅದರಲ್ಲಿ ಒಂದು ಸಾಬೂನನ್ನೂ ಅಜ್ಜಿ ಮುಟ್ಟಲಿಲ್ಲ. ಊರಿನಲ್ಲಿ ನಾಲ್ಕು ಜನ ನಾಲ್ಕು ಮಾತಾಡಿದರು. ಅಜ್ಜಿಯ ಹೆಸರು ಹಿಡಿದು, ಮಿಸ್ ಕ್ಲೆಮಿ ಮೊಮ್ಮಗಳ ಷೂ ಮಾರಿಕೊಂಡಳಂತೆ ಎಂದರು. ಚರ್ಚಿನಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವಳು ಹಿಂದಕ್ಕೆ ಸರಿದಳು.

ಅವಳು ಹಾಸಿಗೆ ಹಿಡಿದ ಕೊನೆಯ ವರ್ಷ, ಒಂದು ಮಧ್ಯಾಹ್ನ ನಾನು ಅವಳ ಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ. "ನಿಂದು ಕೊಡು" ಎಂದು ನನ್ನ ಕಾಲು ಎಳೆದುಕೊಂಡಳು. ಚಿಕ್ಕ ಷೂ ಹಾಕಿ ಹಾಕಿ ನನ್ನ ನಡುವಿನ ಬೆರಳುಗಳು ಸೊಟ್ಟಗಾಗಿವೆ, ನಿನಗೆ ಗೊತ್ತಿರಲಿಕ್ಕಿಲ್ಲ. ಒಂದೊಂದನ್ನೇ ಹಿಡಿದು ನೀವಿದಳು. "ಇನ್ನಾದ್ರೂ ಮಡಚೋದು ಬಿಡು ಮಗಾ, ಈಗ ಯಾರೂ ಅಳತೆ ತಗೊಳ್ತಾ ಇಲ್ಲ" ಎಂದಳು. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನಿಮ್ಮಮ್ಮ ಇದ್ದದ್ದು ಹತ್ತೇ ದಿನ. ಸಿಟ್ಟು ಹೊತ್ಕೊಂಡು ಹೋಗೋದಾದ್ರೆ ನನ್ನ ಮೇಲಿಂದು ಹೊತ್ಕೊಂಡು ಹೋಗ್ಲಿ, ನಿನ್ನ ಮೇಲಿಂದು ಬೇಡ ಅಂದ್ಕೊಂಡೆ. ನಾನು ಅವಳ ಅಮ್ಮ. ತಡ್ಕೋತೀನಿ."

ಮಣ್ಣು ಮಾಡಿದ ದಿನ ನೀನು ನನ್ನ ಪಕ್ಕದಲ್ಲಿ ನಿಂತು, ನನ್ನ ಭುಜ ಹಿಡಿದು ಕಿವಿಯಲ್ಲಿ ಹೇಳಿದೆ, "ನಾನು ಅವಳನ್ನ ಕ್ಷಮಿಸಿಬಿಟ್ಟೆ ಪರ್ಲಿ." ಆಗಲೂ ನಾನು ಬಾಯಿ ಬಿಡಲಿಲ್ಲ. ನನಗೆ ಇಪ್ಪತ್ತಾಗಿತ್ತು, ಮಗುವೇನಾಗಿರಲಿಲ್ಲ. ಆದರೂ ನೀನು ನನ್ನ ಭುಜ ಹಿಡಿದಿದ್ದೆ. ನಾಚಿಕೆಯಿಂದ ಹೇಳುತ್ತೇನೆ, ಆ ಕೈಗಾಗಿ ನಾನು ಅಜ್ಜಿಯನ್ನು ಎರಡನೇ ಸಲ ಬಿಟ್ಟುಕೊಟ್ಟೆ. ಕ್ಷಮಿಸಲು ಅವಳ ಕಡೆ ಏನೂ ಇರಲಿಲ್ಲ ಅಮ್ಮ. ಒಂದೇ ಒಂದು ಷೂ ಯಾರ ಮನೆಗೂ ಹೋಗಿರಲಿಲ್ಲ. ಎಲ್ಲವೂ ಅವಳ ಮಂಚದ ಕೆಳಗಿದ್ದವು, ಈಗ ನನ್ನ ಮಂಚದ ಕೆಳಗಿವೆ.

ನಾನು ಪಾಠ ಹೇಳುವ ಚರ್ಚಿನ ಶಿಶುಶಾಲೆಯಲ್ಲಿ ಮೂವತ್ತೊಂದು ಮಕ್ಕಳಿದ್ದಾರೆ. ಅವರಲ್ಲಿ ಎಂಟು ಮಂದಿ ಪೀಪಾಯಿ ಮಕ್ಕಳು, ಅಮ್ಮ ಪರದೇಶದಲ್ಲಿದ್ದು ಪೀಪಾಯಿ ಮಾತ್ರ ಮನೆಗೆ ಬರುವವರು. ಹೇಳಬೇಕಾಗಿಯೇ ಇಲ್ಲ, ನೋಡಿದರೆ ಗೊತ್ತಾಗುತ್ತದೆ. ಅವರ ಕಾಲುಚೀಲ ಎಲ್ಲರಿಗಿಂತ ಬೆಳ್ಳಗಿರುತ್ತದೆ. ಒಬ್ಬಳು ಬಾಗಿಲಿಗೆ ಯಾವ ಹೆಂಗಸು ಬಂದರೂ ಓಡಿಹೋಗಿ ಲಂಗ ಹಿಡಿದುಕೊಳ್ಳುತ್ತಾಳೆ, ಮೊನ್ನೆ ಮೀನು ಮಾರಲು ಬಂದವಳನ್ನೂ ಬಿಡಲಿಲ್ಲ. ಇನ್ನೊಬ್ಬಳು ಬಿದ್ದು ಮಂಡಿ ತರಚಿಹೋದರೂ ಅಳುವುದಿಲ್ಲ. "ಎಷ್ಟು ಒಳ್ಳೇ ಮಗು" ಎಂದು ನಮ್ಮ ದೊಡ್ಡ ಟೀಚರು ಹೊಗಳುತ್ತಾರೆ. ನಾನೂ ಅಂಥ ಒಳ್ಳೇ ಮಗುವೇ ಆಗಿದ್ದೆ. ಅತ್ತರೆ ಎತ್ತಿಕೊಳ್ಳುವವರು ಬರುತ್ತಾರೆ ಎಂಬ ನಂಬಿಕೆ ಹೋದ ಮೇಲೆ ಮಕ್ಕಳು ಬಹಳ ಒಳ್ಳೆಯವರಾಗುತ್ತಾರೆ.

ಹೋದ ಬೇಸಿಗೆ ರಜೆಯಲ್ಲಿ ಮ್ಯಾಂಡೆವಿಲ್‌ನಲ್ಲಿ ನಮಗೆಲ್ಲ ತರಬೇತಿ ಇತ್ತು. ಪಾಠ ಮಾಡಿದ ಹೆಂಗಸು ಹೇಳಿದರು, ಮೂರು ವರ್ಷದ ಮಗುವಿಗೆ ಎರಡು ವರ್ಷ ಎಂಬುದೇ ಗೊತ್ತಿಲ್ಲ. ಅಮ್ಮ ಇದ್ದಾಳೆ, ಅಮ್ಮ ಇಲ್ಲ, ಅದಕ್ಕೆ ಗೊತ್ತಿರುವುದು ಎರಡೇ. ಇಲ್ಲದೆ ಹೋದರೆ ತಾನೇ ಏನೋ ತಪ್ಪು ಮಾಡಿದೆ ಎಂದುಕೊಳ್ಳುತ್ತದೆ, ಆ ತಪ್ಪನ್ನು ತಿದ್ದಲು ಕೂರುತ್ತದೆ. ಎಲ್ಲರೂ ಬರೆದುಕೊಂಡರು. ನಾನು ನೀರು ಕುಡಿಯುವ ನೆಪ ಮಾಡಿ ಹೊರಗೆ ಹೋಗಿ ಗೋಡೆಗೊರಗಿ ನಿಂತೆ.

ಇದನ್ನೆಲ್ಲ ನಿನ್ನನ್ನು ಚುಚ್ಚಲು ಬರೆಯುತ್ತಿಲ್ಲ. ನೀನು ಹೋಗದಿದ್ದರೆ ನಾನು ಓದುತ್ತಿರಲಿಲ್ಲ, ಈ ಮನೆಗೆ ಹೆಂಚು ಇರುತ್ತಿರಲಿಲ್ಲ, ಅದು ನನಗೆ ಗೊತ್ತು. ಪರರ ಮಕ್ಕಳ ಲೇಸು ಕಟ್ಟುವಾಗ ನಿನಗೆ ಏನಾಗುತ್ತಿತ್ತೋ ನಾನು ಕೇಳಿಯೂ ಇಲ್ಲ. ನಿಜ ಹೇಳಲಾ, ಆ ಅರ್ಜಿಯನ್ನು ನಾನು ಹದಿನೈದು ದಿನ ಎದೆಗೆ ಒತ್ತಿಕೊಂಡು ತಿರುಗಿದ್ದು ಆ ಕೆಲಸಕ್ಕಾಗಿ ಅಲ್ಲ. ಅಲ್ಲಿಗೆ ಬಂದರೆ ಭಾನುವಾರ ರಜೆಯಂತೆ. ಬಸ್ಸು ಹತ್ತಿ ನಿನ್ನ ಮನೆಗೆ ಬರಬಹುದು. ನೀನು ಜೋಳದ ಗಂಜಿ ಮಾಡಿಕೊಡುತ್ತೀಯ, ನಾನು ನಿನ್ನ ಅಡುಗೆಮನೆಯಲ್ಲಿ ಸುಮ್ಮನೆ ಕೂತಿರುತ್ತೇನೆ. ಮೂವತ್ತು ವರ್ಷದ ಹೆಂಗಸು ನಾನು, ನನಗೆ ಈಗಲೂ ಅಷ್ಟು ಬೇಕು. ಎಷ್ಟು ಬೇಕೆಂದರೆ, ನನ್ನ ಮಗಳನ್ನು ಬಿಟ್ಟು ಬಂದಾದರೂ ನಿನ್ನ ಮಗಳಾಗಿಬಿಡೋಣ ಅನ್ನಿಸಿಬಿಟ್ಟಿತ್ತು.

ನಾನು ಬರುವುದಿಲ್ಲ ಅಮ್ಮ. ನಿನ್ನ ಗೆಳತಿಗೆ ನನ್ನ ಪರವಾಗಿ ಥ್ಯಾಂಕ್ಸ್ ಹೇಳು. ಶಾಲೆಯಲ್ಲಿ ಮಕ್ಕಳು ಹೆಚ್ಚಾಗಿದ್ದಾರೆ, ಈರುಳ್ಳಿ ಸೊಪ್ಪಿನ ಬೆಳೆಯೂ ಈ ಸಲ ಚೆನ್ನಾಗಿದೆ, ನಮಗೆ ಸಾಕಾಗುತ್ತದೆ.

ನೀನು ಬಾ. ಈ ಸಲ ಪೀಪಾಯಿಯನ್ನು ಮುಂದೆ ಕಳಿಸಿ ನೀನು ಹಿಂದೆ ಉಳಿಯಬೇಡ. ಹತ್ತು ದಿನವಾದರೆ ಹತ್ತು ದಿನ. ಅಜ್ಜಿಯ ಗೋರಿಯ ಹತ್ತಿರ ಇಬ್ಬರೂ ಹೋಗೋಣ, ನೀನು ಹೇಳುವುದಿದ್ದರೆ ಹೇಳು, ನಾನು ಹೇಳುವುದು ಹೇಳುತ್ತೇನೆ. ಕ್ರಿಸ್‌ಮಸ್ಸಿಗೆ ಪುಂಡಿ ಹೂವಿನ ಪಾನಕ ನೆನೆಹಾಕಿ ಕಾಯುತ್ತಿರುತ್ತೇನೆ, ಶುಂಠಿ ಜಾಸ್ತಿ ಹಾಕಿ, ನಿನಗೆ ಬೇಕಾದ ಹಾಗೆ. ಈ ಸಲ "ನೀವು" ಅನ್ನುವುದಿಲ್ಲ.

ನಿನಗಾಗಿ ಇನ್ನೂ ಬಾಗಿಲು ನೋಡುವ ಮಗಳು,
ಪರ್ಲೀನ್

ತಾಜಾ ಕಲಂ: ಮೇಲೆ ಒಂದು ಸುಳ್ಳು ಬರೆದಿದ್ದೇನೆ, ತಿದ್ದಲು ಹೋಗದೆ ಇಲ್ಲೇ ಹೇಳುತ್ತೇನೆ. ಅರ್ಜಿಗೆ ಶುಕ್ರವಾರವೇ ಸಹಿ ಹಾಕಿದ್ದೆ. ಬೀರುವಿನ ಮೇಲಿನಿಂದ ಸೂಟ್‌ಕೇಸನ್ನೂ ಇಳಿಸಿದ್ದೆ. ನಿನ್ನೆ ಬೆಳಿಗ್ಗೆ ತಬಿಯ ಅಳತೆ ತೆಗೆಯಲು ಜಗಲಿಯಲ್ಲಿ ಕಾಗದ ಹಾಸಿದೆ. ನನ್ನ ಪೆನ್ಸಿಲು ಅವಳ ಹೆಬ್ಬೆರಳ ಹತ್ತಿರ ಬಂದಾಗ ನೋಡುತ್ತೇನೆ, ಐದೂ ಬೆರಳು ಒಳಕ್ಕೆ ಮಡಚಿಕೊಂಡು ಗಟ್ಟಿಯಾಗಿ ನಿಂತಿದ್ದಾಳೆ. ನಾನು ಮಾಡಿದ್ದನ್ನು ಈ ಕಾಗದಕ್ಕೆ ಮುಂಚೆ ಯಾರಿಗೂ ಹೇಳಿದವಳಲ್ಲ. ಯಾಕೆ ತಬಿ ಎಂದೆ. "ಡಲ್ಸಿ ಅಜ್ಜಿ ಹೇಳಿದ್ರು, ನಾನು ದೊಡ್ಡೋಳಾಗಿದೀನಂತೆ, ಅದಕ್ಕೇ ನೀನು ಹೋಗಬಹುದಂತೆ. ನಾನಿನ್ನೂ ದೊಡ್ಡೋಳಾಗಿಲ್ಲ, ನೋಡು" ಎಂದಳು. ಎಲ್ಲಿಗೂ ಹೋಗುವುದಿಲ್ಲ ಎಂದು ಮೂರು ಸಲ ಹೇಳಬೇಕಾಯಿತು. ಆಮೇಲೆ ಒಂದೊಂದೇ ಬೆರಳು ಬಿಟ್ಟಳು, ಕಿರುಬೆರಳು ಎಲ್ಲಕ್ಕಿಂತ ಕೊನೆಗೆ. ಹಾಸಿದ್ದ ಕಾಗದದಲ್ಲಿ ತಪ್ಪು ಗೆರೆ ಬಿದ್ದಿತ್ತು, ಹಾಗಾಗಿ ಅರ್ಜಿಯ ಹಿಂಬದಿಯಲ್ಲೇ ಹೊಸದಾಗಿ ಎಳೆದು ಇದರ ಜೊತೆ ಇಟ್ಟಿದ್ದೇನೆ. ಅಳತೆ ಸರಿಯಾಗಿದೆ, ಇದನ್ನು ನಂಬಿ ಷೂ ಕೊಳ್ಳಬಹುದು.